ಹುಳು ಮನೆಯಲ್ಲಿ ಭಾಷಣ ವಿಭಾಗ

ನಾನು ನಿವೃತ್ತನಾದ ದಿನ, ನನ್ನ ಜಾಗಕ್ಕೆ ಬಂದಿದ್ದ ಹುಡುಗಿ ಹತ್ತಿರ ಬಂದು, "ಸಾ, ಈ ಕೆಲ್ಸದಲ್ಲಿ ಮೊದ್ಲು ಏನ ಕಲೀಬೇಕು?" ಎಂದು ಕೇಳಿದಳು. ಕೊರಳಲ್ಲಿ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ, ಸುತ್ತ ಜನ. "ಯಾವ ಬೀಗಕ್ಕೆ ಯಾವ ಕೀಲಿಕೈ ಅಂತ ಕಲ್ತುಕೊಳಮ್ಮ" ಎಂದುಬಿಟ್ಟೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಯಳಂದೂರಿನ ಬಸ್ಸು ಹತ್ತಿ ಕೂತ ಮೇಲೆ ನನಗೇ ಕಸಿವಿಸಿಯಾಯಿತು. ಇಷ್ಟು ವರ್ಷ ದುಡಿದವನು ಹೇಳಿಹೋಗುವ ಮಾತು ಅದಾಗಿರಲಿಲ್ಲ. ಅವಳಿಗೂ, ಈ ಕೆಲಸಕ್ಕೆ ಹೊಸದಾಗಿ ಬರುವ ಉಳಿದವರಿಗೂ ಸರಿಯಾದ ಉತ್ತರ ಕೊಡೋಣವೆಂದು ಈಗ ಬರೆಯಲು ಕೂತಿದ್ದೇನೆ.

ಕೊಳ್ಳೇಗಾಲದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕಟ್ಟಡ ಮೇಲ್ವಿಚಾರಕನಾಗಿದ್ದೆ. ನಲ್ಲಿ ಸೋರಿದರೆ ಪುಟ್ಟಸ್ವಾಮಿ, ಫ್ಯಾನು ತಿರುಗದಿದ್ದರೆ ಪುಟ್ಟಸ್ವಾಮಿ, ಲೇಡೀಸ್ ರೂಮಿಗೆ ಹಾವು ಬಂದರೂ ಪುಟ್ಟಸ್ವಾಮಿ. ಎಲ್ಲ ಸರಿಯಿದ್ದ ದಿನ ಮಾತ್ರ ನನ್ನ ಹೆಸರು ಯಾರಿಗೂ ನೆನಪಿಗೆ ಬರುತ್ತಿರಲಿಲ್ಲ. ಇದನ್ನು ಬೇಸರದಿಂದ ಹೇಳುತ್ತಿಲ್ಲ, ಕೆಲಸದ ಸ್ವಭಾವವೇ ಹಾಗೆ. ಕಟ್ಟಡ ಕೆಟ್ಟರೆ ಗೋಡೆಯಲ್ಲಿ ಕಾಣುತ್ತದೆ, ಸೂರಿನಲ್ಲಿ ಕಾಣುತ್ತದೆ, ನೋಡಿದೆವೋ ರಿಪೇರಿ ಮಾಡಿದೆವೋ ಮುಗಿಯಿತು ಎಂದು ಬಹಳ ಕಾಲ ತಿಳಿದಿದ್ದೆ. ಅದು ಹಾಗಲ್ಲ ಎಂದು ನನಗೆ ಬಡಿದು ಹೇಳಿದ್ದು ಭಾಷಣ ಕಲೆ ವಿಭಾಗ.

ನಮ್ಮಲ್ಲಿ ಅಂಥದ್ದೊಂದು ವಿಭಾಗ ಇದೆ ಎಂದರೆ ಹೊರಗಿನವರು ನಗುತ್ತಿದ್ದರು. ಮಾತಾಡೋದನ್ನೂ ಕಾಲೇಜಿಗೆ ಹೋಗಿ ಕಲೀಬೇಕಾ ಎಂದು ನಮ್ಮ ಮನೆಯವಳೇ ಕೇಳಿದ್ದುಂಟು. ಆದರೆ ಹನೂರು, ಅಜ್ಜೀಪುರ, ಕೌದಳ್ಳಿ ಕಡೆಯಿಂದ ಬರುವ ಮಕ್ಕಳನ್ನು ನೋಡಿದವರು ನಗುವುದಿಲ್ಲ. ಹೆಸರು ಕೇಳಿದರೆ ನೆಲ ನೋಡಿಕೊಂಡು ಹೇಳುತ್ತಿದ್ದವು. ಅಂಥವರನ್ನು ವೇದಿಕೆಯ ಮೇಲೆ ನಿಲ್ಲಿಸಿ ನೆಟ್ಟಗೆ ನಾಲ್ಕು ಮಾತಾಡಿಸುವುದಕ್ಕೆಂದೇ ಲಲಿತಾ ಮೇಡಂ ಈ ವಿಭಾಗ ಶುರು ಮಾಡಿದ್ದರು. ಮೈಸೂರಿನವರು, ಸಣ್ಣ ಆಳು, ಒಂದು ಕಾಲಕ್ಕೆ ಗಂಟೆಯಂಥ ಧ್ವನಿ.

ವಿಭಾಗಕ್ಕೆ ಸಿಕ್ಕ ಜಾಗವೋ, ಹುಳು ಮನೆ. ಕಾಲೇಜು ಬರುವ ಮೊದಲು ಆ ಜಮೀನಿನಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದರು. ಉದ್ದನೆಯ ಹಂಚಿನ ಮನೆ, ಸುಣ್ಣದ ಗೋಡೆ, ಹುಳುವಿಗೆ ತಂಪಿರಲೆಂದು ಕಿಟಕಿಗಳಿಗೆ ಇಳಿಬಿಟ್ಟ ಗೋಣಿ ತಾಟಿನ ಪರದೆ. ಗೋಡೆಗುಂಟ ಹಳೆಯ ಚಂದ್ರಿಕೆಗಳನ್ನು ಒರಗಿಸಿದ್ದರು. ಚಂದ್ರಿಕೆ ಎಂದರೆ ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಕಟ್ಟಿದ ತಟ್ಟಿ. ಬೆಳೆದು ಹಣ್ಣಾದ ಹುಳುವನ್ನು ಅದರ ಮೇಲೆ ಬಿಟ್ಟರೆ ಗೂಡು ಕಟ್ಟಿಕೊಳ್ಳುತ್ತದೆ. ಈಗ ಎಲ್ಲ ಕಡೆ ಪ್ಲಾಸ್ಟಿಕ್ಕಿನದು ಬಂದು ಬಿದಿರಿನದು ಮೂಲೆ ಸೇರಿದೆ.

ಆ ಚಂದ್ರಿಕೆಗಳನ್ನು ಇಡಲು ಆಗ ಬೇರೆ ಜಾಗ ಇರಲಿಲ್ಲವಾಗಿ ಅಲ್ಲೇ ಬಿಟ್ಟೆವು. ನಡುವೆ ಬೆಂಚು ಹಾಕಿ, ಒಂದು ತುದಿಯಲ್ಲಿ ಮರದ ವೇದಿಕೆ ಕಟ್ಟಿಕೊಟ್ಟೆ. ಇಷ್ಟೇ ವಿಭಾಗ. ಮಕ್ಕಳು ಕೊನೆಯವರೆಗೂ ಅದನ್ನು ಹುಳು ಮನೆ ಎಂದೇ ಕರೆದರು, ಪಾಠವಿದ್ದರೆ "ಉಳ ಮನೇಗ್ ಓಗದ ಬಾ" ಎಂದು ಹೊರಡುತ್ತಿದ್ದರು.

ಮೇಡಮ್ಮಿನದು ಒಂದು ಕಟ್ಟುನಿಟ್ಟು ಇತ್ತು. ಮೈಕು ಮುಟ್ಟುವ ಹಾಗಿಲ್ಲ. ಮೊದಲು ಬರಿಯ ಗಂಟಲಲ್ಲಿ ಕಲಿಯಬೇಕು, ಮೈಕು ಆಮೇಲೆ. ಪಾಠ ಶುರು ಮಾಡುವ ಮುನ್ನ ತಪ್ಪದೆ, "ಹಿಂದಿನ ಬೆಂಚು, ಕೇಳ್ತಾ ಇದೆಯಾ?" ಎನ್ನುವರು. ಹಿಂದಿನ ಬೆಂಚು ಒಟ್ಟಾಗಿ, "ಕೇಳ್ತದೆ ಮೇಡಂ" ಎನ್ನುವುದು. ನಾನು ಹಂಚು ಹೊದಿಸಲೋ ಬಲ್ಬು ಹಾಕಲೋ ಹೋದಾಗ ಇದು ಎಷ್ಟು ಸಲ ಕಿವಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಆಗ ನಿಜವಾಗಿಯೂ ಕೇಳುತ್ತಿತ್ತು. ಏಣಿಯ ಮೇಲಿದ್ದ ನನಗೇ ಕೇಳುತ್ತಿತ್ತು.

ಅಲ್ಲಿ ನನಗೆ ಆದ ಮೊದಲ ಆಘಾತ ಸಣ್ಣದು. ಹಿಂದಿನ ಪ್ರಿನ್ಸಿಪಾಲರು ಒಳ್ಳೆ ಎತ್ತರದ ಆಳು, ಭಾಷಣದ ಮೇಜನ್ನು ತಮ್ಮ ಎದೆಯ ಮಟ್ಟಕ್ಕೆ ಮಾಡಿಸಿದರು. ಸಾಗುವಾನಿ, ಪಾಲಿಶ್ ಬೇರೆ. ನಾನೂ ಬಡಗಿಯ ಬೆನ್ನು ತಟ್ಟಿದೆ. ಅದರ ಉದ್ಘಾಟನೆಗೆ ಮಧುವನಹಳ್ಳಿಯ ಒಬ್ಬ ಹುಡುಗಿ ಸ್ವಾಗತ ಭಾಷಣಕ್ಕೆ ಬಂದು ಮೇಜಿನ ಹಿಂದೆ ನಿಂತಳು. ಮೇಜು ಮಾತಾಡಲು ಶುರುಮಾಡಿತು, ಹುಡುಗಿ ಕಾಣಲಿಲ್ಲ. ಮಲ್ಲಿಗೆ ಹೂವಿನ ತುದಿ ಮಾತ್ರ ಆಗಾಗ ಅಲ್ಲಾಡುತ್ತಿತ್ತು. ಸಭೆಯಲ್ಲಿ ಒಬ್ಬರೂ ಏನೂ ಅನ್ನಲಿಲ್ಲ, ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಮೇಡಂ ನನ್ನನ್ನು ಕರೆದು, "ಪುಟ್ಟಸ್ವಾಮಿ, ನಮ್ಮ ಜನಕ್ಕೆ ಎದುರಿಗೆ ನಿಂತವರು ಕಾಣದೆ ಹೋದರೂ ಪರವಾಗಿಲ್ಲ, ಇಲ್ಲ ಅನ್ನೋಕೆ ಬಾಯಿ ಬರಲ್ಲ, ನೋಡಿದ್ರಾ" ಎಂದರು. ನಾನು ಮೇಜಿನ ಕಾಲು ಕುಯ್ಯಿಸಿಕೊಟ್ಟು ಸುಮ್ಮನಾದೆ. ಆ ಮಾತನ್ನು ಅವತ್ತೇ ಗಂಟು ಹಾಕಿಕೊಳ್ಳಬೇಕಿತ್ತು.

ಆಮೇಲೆ ಹೊಸ ಪ್ರಿನ್ಸಿಪಾಲರು ಬಂದರು. ಕೆಟ್ಟವರಲ್ಲ. ಸ್ವಚ್ಛತೆ ಎಂದರೆ ಪ್ರಾಣ. ಕಾಲೇಜನ್ನು ನೋಡಲು ದೊಡ್ಡ ತಪಾಸಣಾ ಸಮಿತಿ ಬರುತ್ತದೆ ಎಂದಾಗ ಅವರಿಗೆ ಜ್ವರ ಬಂದಂತಾಯಿತು. ನನ್ನನ್ನು ಕರೆದುಕೊಂಡು ಹುಳು ಮನೆಗೆ ಬಂದು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು.

"ಏನ್ರಿ ಪುಟ್ಟಸ್ವಾಮಿ, ಇದು ಕಾಲೇಜೋ ಕೊಟ್ಟಿಗೆಯೋ? ಈ ಗೋಣಿ, ಈ ತಟ್ಟಿ ಎಲ್ಲ ಏನು? ಸಮಿತಿಯವರು ನೋಡಿದರೆ ಉಗೀತಾರೆ."

"ಮೊದ್ಲಿಂದ ಇದ್ದೋ ಸಾ."

"ಮೊದಲಿಂದ ಇದ್ದದ್ದೆಲ್ಲ ಇರಬೇಕು ಅಂತ ಏನಿಲ್ಲ. ತೆಗೆಸಿ."

ತೆಗೆಸಿದೆ. ಚಂದ್ರಿಕೆಗಳನ್ನು ವಾಚ್‌ಮನ್ ಮಾದಯ್ಯ ಅಟ್ಟದ ಮೇಲೋ ಹಿತ್ತಲ ಷೆಡ್ಡಿಗೋ ಸಾಗಿಸಿದ. ಗೋಣಿ ಪರದೆ ಹೋಗಿ ಗಾಜಿನ ಕಿಟಕಿ ಬಂತು. ಹಂಚಿನ ಕೆಳಗೆ ಹೊಳೆಯುವ ಶೀಟಿನ ಚಾವಣಿ ಬಂತು. ರೇಷ್ಮೆ ನೂಲು ತೆಗೆಸುವ ಒಬ್ಬ ಹಿರಿಯ ಯಜಮಾನರು ವಿಭಾಗಕ್ಕೆ ಏನಾದರೂ ಮಾಡಿಕೊಡುತ್ತೇನೆ ಎಂದಿದ್ದರು. ಅವರ ಹೆಸರಿನಲ್ಲಿ ಗೋಡೆಗಳಿಗೆಲ್ಲ ನೆಲದಿಂದ ಸೂರಿನವರೆಗೆ ಬಿಳಿ ಟೈಲ್ಸು ಬಂತು. ಬಾಗಿಲ ಪಕ್ಕ ಕಪ್ಪು ಕಲ್ಲಿನ ಮೇಲೆ ಅವರ ಹೆಸರು. ನಮ್ಮ ಕಡೆ ಮನೆಯೋ ಅಂಗಡಿಯೋ ಏನು ಕಟ್ಟಿದರೂ ಟೈಲ್ಸು ಹಾಕಿದರೇ ಮರ್ಯಾದೆ. ದೇವಸ್ಥಾನದ ಗರ್ಭಗುಡಿಗೂ ಹಾಕಿಸುತ್ತೇವೆ, ದನದ ಕೊಟ್ಟಿಗೆಗೂ ಹಾಕಿಸುತ್ತೇವೆ. ನೀರು ಹೊಡೆದರೆ ತೊಳೆದುಹೋಗಬೇಕು, ಅದೇ ನಮ್ಮ ಲೆಕ್ಕ. ಕೆಲಸ ಮುಗಿದ ದಿನ ನಾನೂ ಮಾದಯ್ಯನೂ ಬಾಗಿಲಲ್ಲಿ ನಿಂತು ಬೆರಗಿನಿಂದ ನೋಡಿದೆವು. "ಮುಖ ಕಾಣ್ತದೆ ಕಣ್ ಸಾ" ಎಂದು ಮಾದಯ್ಯ ಗೋಡೆಯಲ್ಲಿ ಮೀಸೆ ನೋಡಿಕೊಂಡ. ಸಮಿತಿಯವರೂ ಮೆಚ್ಚಿದರು.

ಮೇಡಂ ಹೊಸ ಹಾಲಿನಲ್ಲಿ ಮೊದಲ ಪಾಠ ಮಾಡಿ ಹೊರಗೆ ಬಂದಾಗ ಮುಖ ಬಾಡಿತ್ತು. "ಪುಟ್ಟಸ್ವಾಮಿ, ನನ್ನ ಮಾತು ನನಗೇ ವಾಪಸು ಬಂದು ಬಡೀತಿದೆ. ಒಂದು ಪದ ಮುಗಿಯೋದ್ರೊಳಗೆ ಹಿಂದಿನ ಪದ ಬಂದು ಮೇಲೆ ಬೀಳತ್ತೆ" ಎಂದರು. ನಾನು ಒಳಗೆ ಹೋಗಿ ಕೆಮ್ಮಿದೆ. ನನ್ನ ಕೆಮ್ಮನ್ನು ಗೋಡೆಗಳು ಸ್ವಲ್ಪ ಹೊತ್ತು ಆಡಿಸಿ ಆಮೇಲೆ ಕೆಳಗೆ ಬಿಟ್ಟವು. ದೊಡ್ಡ ಹಾಲ್ ಅಲ್ಲವೇ, ಸ್ವಲ್ಪ ಮೊಳಗುತ್ತದೆ ಎಂದುಕೊಂಡೆ. ಆದರೂ ಪ್ರಿನ್ಸಿಪಾಲರಿಗೆ ಹೇಳಿದೆ.

ಅವರು ಅನ್ಯಾಯ ಮಾಡಲಿಲ್ಲ, ತಾವೇ ಬಂದರು. ಮಕ್ಕಳನ್ನು ತುಂಬಿಸಿ, ವೇದಿಕೆ ಹತ್ತಿ, ಸ್ವಚ್ಛತೆಯ ಮೇಲೆ ಸ್ವಲ್ಪ ಹೊತ್ತು ಮಾತಾಡಿ, "ಹಿಂದಿನವರಿಗೆ ಕೇಳ್ತಿದೆಯೇನ್ರಪ್ಪ?" ಎಂದರು. ಹಿಂದಿನ ಬೆಂಚು ಒಂದೇ ಬಾಯಲ್ಲಿ, "ಕೇಳ್ತದೆ ಸಾ" ಎಂದಿತು. ಪ್ರಿನ್ಸಿಪಾಲರು ಮೇಡಮ್ಮಿನ ಕಡೆ ತಿರುಗಿ ಕೈ ಬಿಡಿಸಿ ತೋರಿಸಿದರು. ಅಲ್ಲಿಗೆ ದೂರು ಮುಗಿಯಿತು. ಮತ್ತೆ ಮೇಡಂ ಬರೆದುಕೊಟ್ಟಾಗ ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆ ತಂದು ನಾಲ್ಕು ಮೂಲೆಗೂ ನೇತುಹಾಕಿಸಿದರು. ಗಾಯದ ಮೇಲೆ ಬರೆ ಎಳೆದಂತಾಯಿತು. ಮೊದಲು ಒಬ್ಬ ಮೇಡಂ ಮೊಳಗುತ್ತಿದ್ದರು, ಈಗ ನಾಲ್ಕು ಮೂಲೆಯಿಂದ ನಾಲ್ವರು ಮೊಳಗಿದರು. ಮೇಡಂ ಅದರ ವೈರು ಕೀಳಿಸಿ, ಮತ್ತೆ ಬರಿಯ ಗಂಟಲಿಗೇ ಬಂದರು.

ವರ್ಷಗಳು ಹೀಗೇ ಉರುಳಿದವು. ನಾನು ಹಾಲಿನ ಹೊರಗೆ ಹಾದುಹೋಗುವಾಗ ಮೇಡಮ್ಮಿನ ಧ್ವನಿ ಮೊದಲಿಗಿಂತ ಜೋರಾಗಿ ಕೇಳುತ್ತಿತ್ತು. ಒಳ್ಳೇ ಹುರುಪಿನಲ್ಲಿದ್ದಾರೆ ಎಂದುಕೊಳ್ಳುತ್ತಿದ್ದೆ. ಆದರೆ ಸ್ಟಾಫ್ ರೂಮಿನಲ್ಲಿ ಅವರು ಬೇಸರದಿಂದ ಇರುತ್ತಿದ್ದರು. "ಈಗಿನ ಮಕ್ಕಳಿಗೆ ಏನಾಗಿದೆಯೋ ಗೊತ್ತಿಲ್ಲ. ಕೇಳ್ತದೆ ಅಂತಾರೆ, ಪ್ರಶ್ನೆ ಕೇಳಿದರೆ ಬಾಯೇ ಬಿಡಲ್ಲ. ಹಿಂದಿನ ಬೆಂಚಿನವರಂತೂ ಕಲ್ಲು" ಎನ್ನುವರು. ಆ ಹಿಂದಿನ ಬೆಂಚಿನಲ್ಲಿ ಕೇತಮ್ಮ ಎಂಬ ಹುಡುಗಿ ಇದ್ದಳು. ಕೌದಳ್ಳಿಯ ಆಚೆ ಬೆಟ್ಟದ ಪೋಡಿನ, ಎಂದರೆ ಕಾಡಿನ ಹಾಡಿಯ, ಸೋಲಿಗರ ಮನೆಯವಳು, ಮೊದಲ ಬಸ್ಸಿಗೆ ಬರುತ್ತಿದ್ದಳು. "ಕೇಳ್ತದೆ ಮೇಡಂ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವಳು ಅವಳೇ, ಪ್ರಶ್ನೆ ಬಂದಾಗ ಎಲ್ಲರಿಗಿಂತ ಮೊದಲು ತಲೆ ತಗ್ಗಿಸುತ್ತಿದ್ದವಳೂ ಅವಳೇ. ಮೇಡಮ್ಮಿಗೆ ಅವಳ ಮೇಲೆ ಸಿಟ್ಟಿತ್ತು.

ಇನ್ನು ಆ ದಿನದ್ದು ಹೇಳುತ್ತೇನೆ. ಕಿಟಕಿಯ ಗಾಜು ಬದಲಿಸಲು ನಾನು ಹಾಲಿನ ಒಳಗೇ ಇದ್ದೆ, ವೇದಿಕೆಯ ಪಕ್ಕ. ಮೇಡಂ ಬಂದರು. ಬಿಸಿಲಿನ ಹೊತ್ತು, ಊಟದ ಗಂಟೆ ಹತ್ತಿರವಾಗಿತ್ತು. ಅವತ್ತು ಅವರಿಗೆ ಏನು ಹೊಳೆಯಿತೋ, ದಿನದ ಪ್ರಶ್ನೆ ಕೇಳಲಿಲ್ಲ. ನಗುತ್ತ, "ಹಿಂದಿನ ಬೆಂಚು, ಊಟಕ್ಕೆ ಏನು ತಂದಿದ್ದೀರಿ?" ಎಂದರು.

ಹಿಂದಿನ ಬೆಂಚು ಒಟ್ಟಾಗಿ, "ಕೇಳ್ತದೆ ಮೇಡಂ" ಎಂದಿತು.

ಮುಂದಿನ ಬೆಂಚಿನ ಒಬ್ಬಿಬ್ಬರು ಕಿಸಕ್ಕೆಂದರು. ಮೇಡಂ ನಗಲಿಲ್ಲ. ನನ್ನ ಕೈಯಲ್ಲಿದ್ದ ಗಾಜನ್ನು ನಾನು ಕೆಳಗಿಟ್ಟೆ. ಮೇಡಂ ವೇದಿಕೆಯಿಂದ ಇಳಿದು ನಡುವಿನ ದಾರಿಯಲ್ಲಿ ನಡೆದು ಹಿಂದಕ್ಕೆ ಹೋದರು. ನಾನೂ ಅವರ ಹಿಂದೆ ಹೋದೆ.

"ಕೇತಮ್ಮ, ನಾನು ಏನು ಕೇಳಿದೆ ಈಗ?"

ಅವಳು ಎದ್ದು ನಿಂತಳು. "ಗೊತ್ತಿಲ್ಲ ಮೇಡಂ."

"ಮತ್ತೆ ಕೇಳ್ತದೆ ಅಂದೆಯಲ್ಲಮ್ಮ?"

"ದಿನಾ ಅದ್ನೇ ಅಲ್ವ ಕೇಳದು. ಅದ್ಕೇ ಅಂದೊ."

"ನಾನು ಹೇಳೋದು ಇಲ್ಲಿ ನಿಮಗೆ ಯಾವತ್ತಾದರೂ ಕೇಳಿಸಿದೆಯಾ?"

ಅವಳು ಪಕ್ಕದವರನ್ನು ನೋಡಿದಳು. ಯಾರೂ ತಲೆ ಎತ್ತಲಿಲ್ಲ. "ಸದ್ದು ಬತ್ತದೆ ಮೇಡಂ. ಮಾತು ಬರಾಕಿಲ್ಲ."

"ಅದನ್ನ ಹೇಳಬಾರದಾಗಿತ್ತೇನಮ್ಮ, ಇಷ್ಟು ದಿನ?"

"ನೀವು ಅಷ್ಟು ದೊಡ್ಡೋರು ನಿಂತ್ಕಂಡು ಕೇಳ್ತಾ ಇದ್ರೆ, ಇಲ್ಲ ಅಂತ ಎಂಗನ್ನದು ಮೇಡಂ?"

ಇದು ಆ ಒಂದು ಹುಡುಗಿಯ ಮಾತಲ್ಲ. ಬ್ಯಾಚಿನ ಮೇಲೆ ಬ್ಯಾಚು ಮಕ್ಕಳು ಆ ಬೆಂಚಿನಲ್ಲಿ ಕೂತು, ಒಂದು ಮಾತೂ ಕಿವಿಗೆ ಬೀಳದೆ, ಮರ್ಯಾದೆಗೆಂದು ಕೇಳ್ತದೆ ಕೇಳ್ತದೆ ಎಂದು ಹೇಳಿ ಹೋಗಿದ್ದರು. ಪ್ರಿನ್ಸಿಪಾಲರಿಗೂ ಅದನ್ನೇ ಹೇಳಿದ್ದರು, ಸಮಿತಿಗೂ ಅದನ್ನೇ ಹೇಳಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ನಾವು. ಗುರುಗಳು ಕೇಳಿದರೆ ಹೌದು, ಸಾಹೇಬರು ಕೇಳಿದರೆ ಹೌದು. ಮಾತಾಡಲು ಕಲಿಸುವ ಮನೆಯಲ್ಲಿ ಕೂತು ನಮ್ಮ ಮಕ್ಕಳು ಇಲ್ಲ ಎನ್ನುವ ಒಂದು ಮಾತು ಕಲಿತಿರಲಿಲ್ಲ. ಮೇಡಂ ಗೋಡೆಗೆ ಕೈ ಊರಿ ನಿಂತರು. ಅವರ ಮುಖವನ್ನು ನಾನು ಈಗಲೂ ಮರೆತಿಲ್ಲ.

ಅದಾದ ಕೆಲವು ದಿನಕ್ಕೇ ಅವರ ಧ್ವನಿ ಹೋಯಿತು. ಪಾಠದ ನಡುವೆ ಒಂದು ವಾಕ್ಯ ಅರ್ಧಕ್ಕೆ ನಿಂತಿತು, ಬಾಯಿ ಆಡುತ್ತಿದೆ, ಗಾಳಿ ಮಾತ್ರ ಬರುತ್ತಿದೆ. ಮೈಸೂರಿನ ಡಾಕ್ಟರು ನೋಡಿ, ವರ್ಷಗಟ್ಟಲೆ ಕಿರುಚಿ ಕಿರುಚಿ ಗಂಟಲಿನ ತಂತಿಯ ಮೇಲೆ ಗಂಟುಗಳು ಎದ್ದಿವೆ ಎಂದರಂತೆ. ಪೂರ್ತಿ ಮೌನವಾಗಿರಬೇಕು, ಆಮೇಲೂ ಕೂಗಿ ಪಾಠ ಮಾಡಿದರೆ ಧ್ವನಿ ವಾಪಸು ಬರುತ್ತದೆ ಎಂದು ಹೇಳಲಾಗದು ಎಂದರಂತೆ. ಆ ಸುದ್ದಿ ತಂದವರು ಅವರ ತಮ್ಮ. ನಾನು ನಂಬಲಿಲ್ಲ. ಬಿರುಕು ಬಿಟ್ಟರೆ ಗೋಡೆ ಬಿರುಕು ಬಿಡಬೇಕು, ಮನುಷ್ಯರ ಗಂಟಲು ಬಿರುಕು ಬಿಡುವುದು ಎಂದರೇನು? ನಾನು ತೊಳೆಸಿ ತೊಳೆಸಿ ಹೊಳೆಯುವಂತೆ ಇಟ್ಟಿದ್ದ ಗೋಡೆ ಒಬ್ಬರ ಧ್ವನಿಯನ್ನು ತಿಂದುಹಾಕಿತ್ತು.

ಪ್ರಿನ್ಸಿಪಾಲರು ನಿಜವಾಗಿಯೂ ನೊಂದುಕೊಂಡರು. ಆದರೆ ಆಡಳಿತ ಮಂಡಳಿಯವರು ಮೀಟಿಂಗು ಮಾಡಿ, ಮೇಡಂ ವಾಪಸು ಬಂದರೆ ಲೈಬ್ರರಿಯಲ್ಲಿ ಕೂರಲಿ, ಭಾಷಣ ವಿಭಾಗ ಮುಚ್ಚೋಣ, ಹಾಲನ್ನು ಪರೀಕ್ಷಾ ಸಾಮಾನು ಇಡುವ ಗೋಡೌನು ಮಾಡೋಣ ಎಂದು ತೀರ್ಮಾನಿಸಿದರು. ಮುಂದಿನ ಟರ್ಮು ಶುರುವಾಗುವುದರೊಳಗೆ ಬೆಂಚು ಹೊರಗೆ ಹಾಕಿಸಲು ನನಗೆ ಹೇಳಿದರು. ಮೇಡಮ್ಮಿಗೆ ಇದು ತಿಳಿದು, ಒಂದು ದಿನ ಆಫೀಸಿಗೆ ಬಂದು, ಚೀಟಿಯ ಮೇಲೆ ಬರೆದು ತೋರಿಸಿದರು: "ಬೆಂಚು ತೆಗೆಸಬೇಡಿ, ಸ್ವಲ್ಪ ತಡೆಯಿರಿ." ಗಂಟೆಯಂಥ ಧ್ವನಿಯವರು ಚೀಟಿ ಬರೆದು ನನ್ನನ್ನು ಬೇಡುತ್ತಿದ್ದರು. ನಾನು ತಲೆಯಾಡಿಸಿದೆ. ತಡೆದು ಏನು ಮಾಡುವುದು ಎಂದು ಮಾತ್ರ ನನಗೆ ತಿಳಿದಿರಲಿಲ್ಲ.

ರಜೆಯ ಒಂದು ಭಾನುವಾರ ಮಳೆ ಹಿಡಿದಿತ್ತು. ಟ್ಯಾಂಕಿನ ಮೋಟಾರು ನೋಡಲು ಬಂದವನು ಹುಳು ಮನೆಯ ಬಾಗಿಲು ತೆರೆದಿರುವುದನ್ನು ಕಂಡೆ. ಇಣುಕಿದರೆ ಒಳಗೆಲ್ಲ ಚಂದ್ರಿಕೆ. ಗೋಡೆಗುಂಟ, ಕಿಟಕಿಗೆ ಅಡ್ಡಲಾಗಿ, ಒಂದರ ಪಕ್ಕ ಒಂದು ಒರಗಿಸಿ, ನಡುನಡುವೆ ಗೋಣಿ ತಾಟು ಹರವಿದೆ. ಹಿತ್ತಲ ಷೆಡ್ಡು ಸೋರುತ್ತದೆಂದು ಮಾದಯ್ಯ ಕಾಲೇಜಿನದನ್ನೂ, ಮಧುವನಹಳ್ಳಿಯ ತನ್ನ ಭಾವನ ಮನೆಯದನ್ನೂ ತಂದು ತುಂಬಿದ್ದ. ಬಿಳಿ ಟೈಲ್ಸಿಗೆ ಕೆಸರು ಮೆತ್ತಿತ್ತು. ನನ್ನ ತಲೆ ಕೆಟ್ಟುಹೋಯಿತು.

"ಮಾದಯ್ಯ! ಯಾರ್ನ್ ಕೇಳಿ ತುಂಬ್ದೆ ಇಲ್ಲಿ? ಇದೇನ್ ನಿಮ್ ಭಾವನ ಮನೆಯ?" ಎಂದು ಬಾಗಿಲಲ್ಲಿ ನಿಂತು ಕೂಗಿದೆ.

ಕೂಗಿದವನು ಹಾಗೇ ನಿಂತೆ. ನನ್ನ ಕೂಗು ವಾಪಸು ಬರಲಿಲ್ಲ.

ಇಷ್ಟು ವರ್ಷ ಆ ಹಾಲಿನಲ್ಲಿ ನಾನು ಬೈದ ಪ್ರತಿಯೊಂದು ಬೈಗುಳವೂ ನನಗೇ ತಿರುಗಿ ಬರುತ್ತಿತ್ತು. ಈಗ ಅದು ಮಾದಯ್ಯನ ಹತ್ತಿರ ಹೋಯಿತು, ಅಲ್ಲೇ ಉಳಿಯಿತು. ಮಾದಯ್ಯ ವೇದಿಕೆಯ ಕಡೆಯಿಂದ ಗಾಬರಿಯಲ್ಲಿ, "ಬೈಬ್ಯಾಡಿ ಸಾ, ಮಳೆ ನಿಂತೇಟ್ಗೆ ತಕಂಡೋಯ್ತೀನಿ" ಎಂದ. ಅವನು ಗೊಣಗಿದ್ದು, ಆದರೆ ಅಷ್ಟು ದೂರದಿಂದ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳಿತು.

"ಇನ್ನೊಂದ್ಸಲ ಹೇಳು" ಎಂದೆ.

"ಏನ ಸಾ?"

"ಏನಾರ. ಮೆತ್ಗೆ ಹೇಳು."

"ನಿಮ್ಗೇನಾಗದೆ ಸಾ, ಉಸಾರಾಗಿದ್ದೀರ?" ಎಂದ ಅವನು, ಮೆತ್ತಗೆ. ಪ್ರತಿ ಅಕ್ಷರವೂ ಬಂತು.

ನಾನು ಅಲ್ಲೇ ಒಂದು ಬೆಂಚಿನ ಮೇಲೆ ಕುಳಿತುಬಿಟ್ಟೆ. ಮೇಡಂ ಮೊದಲು ಪಾಠ ಮಾಡುತ್ತಿದ್ದ ಹಳೆಯ ಹುಳು ಮನೆ ಇದೇ ಅಲ್ಲವೇ. ಆಗ ಕೇಳುತ್ತಿದ್ದದ್ದು ಇದೇ ತಟ್ಟಿ, ಇದೇ ಗೋಣಿ ಮೊಳಗನ್ನು ಹೀರಿಕೊಳ್ಳುತ್ತಿದ್ದುದರಿಂದ. ಅದನ್ನು ಕಸವೆಂದು ಎತ್ತಿಹಾಕಿ, ಕನ್ನಡಿಯಂಥ ಗೋಡೆ ತಂದು, ಆಮೇಲೆ ಮಕ್ಕಳು ಕಲ್ಲು ಎಂದು ದೂರಿದ್ದೆವು. ಮಾದಯ್ಯ ಚಂದ್ರಿಕೆ ಎತ್ತಲು ಬಂದ. "ಮುಟ್ಬೇಡ ಕಣೋ" ಎಂದೆ. ಅವನಿಗೆ ನನ್ನ ಮೇಲೆ ಅನುಮಾನ ಇನ್ನೂ ಜಾಸ್ತಿಯಾಯಿತು.

ಮಾರನೆಯ ದಿನ ಪ್ರಿನ್ಸಿಪಾಲರನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿ, ನಾನು ವೇದಿಕೆಯಿಂದ ಪಿಸುಗುಟ್ಟಿ ತೋರಿಸಿದೆ. ಅವರ ಹುಬ್ಬು ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು. "ನಿಜ ಕಣ್ರಿ. ಆದರೆ ದಾನಿಗಳು ಹಾಕಿಸಿದ ಟೈಲ್ಸು. ಅದರ ಮೇಲೆ ಈ ಹಳೇ ತಟ್ಟಿ ಕಟ್ಟಿದರೆ ಯಜಮಾನರಿಗೆ ಅವಮಾನ ಮಾಡಿದ ಹಾಗಾಗಲ್ವಾ? ನಾನಂತೂ ಅವರ ಮುಂದೆ ನಿಂತು ಇದನ್ನ ಹೇಳಲ್ಲ" ಎಂದರು. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಎನ್ನುವ ಭಯ. ಅವರನ್ನು ಏಕೆ ಆಡಿಕೊಳ್ಳಲಿ, ಅವರೂ ಆ ಹಿಂದಿನ ಬೆಂಚಿನವರೇ, ದೊಡ್ಡವರ ಮುಂದೆ ಇಲ್ಲ ಎನ್ನಲು ಅವರಿಗೂ ಬಾಯಿ ಬರುತ್ತಿರಲಿಲ್ಲ.

ನಾನೇ ಯಜಮಾನರ ಮನೆಗೆ ಹೋದೆ. ಜಗುಲಿಯ ಮೇಲೆ ಕೂತಿದ್ದರು. ಕಾಫಿ ಕೊಟ್ಟರು. ಹೇಗೆ ಶುರು ಮಾಡುವುದೆಂದು ತಿಳಿಯದೆ ಕಾಫಿ ತಣ್ಣಗಾಗುವವರೆಗೆ ಹಿಡಿದುಕೊಂಡಿದ್ದು, ಕೊನೆಗೆ, "ಯಜಮಾನ್ರೆ, ನೀವ್ ಆಕ್ಸಿರೋ ಟೈಲ್ಸಿಂದ ಮಕ್ಳಿಗೆ ಪಾಠ ಕೇಳ್ತಿಲ್ಲ, ಮೇಡಮ್ಮನೋರ ಗಂಟ್ಲೂ ಓಯ್ತು" ಎಂದೆ. ಹೇಳಿ ಬೈಗುಳಕ್ಕೆ ಕಾದೆ.

ಅವರು ತಮ್ಮ ಲೋಟ ಕೆಳಗಿಟ್ಟರು. "ಟೈಲ್ಸು ಆಕ್ಸಿ ಅಂತ ನಾನೆಲ್ಲಯ್ಯ ಅಂದೆ? ಮಕ್ಳಿಗೆ ಏನ್ ಬೇಕೋ ಮಾಡುಸ್ಕಳಿ ಅಂದಿದ್ದೆ. ಟೈಲ್ಸು ಅಂದೋರು ನಿಮ್ ಕಾಲೇಜ್ನೋರೆಯ."

ಅವರೇ ಮುಂದುವರಿಸಿದರು. "ನಾನೂ ಒಂದ್ಸಲ ಅಲ್ಲಿ ಭಾಷ್ಣ ಮಾಡಿವ್ನಿ. ಕೇಳ್ತದಾ ಅಂದೆ. ಕೇಳ್ತದೆ ಅಂದೊ ಮಕ್ಳು."

"ಅವ್ರಿಗೆ ಕೇಳ್ಸಿರ್ನಿಲ್ಲ ಯಜಮಾನ್ರೆ."

ಅವರು ಚಪ್ಪಲಿ ಮೆಟ್ಟಿಕೊಂಡು ಎದ್ದರು. ಚಂದ್ರಿಕೆ ಕಟ್ಟುವುದನ್ನು ತಾವೇ ನಿಂತು ನೋಡುತ್ತೇನೆ ಎಂದು ನನ್ನ ಜೊತೆಗೇ ಹೊರಟರು. ಬಾಗಿಲ ಹತ್ತಿರ ಮಾತ್ರ ಹಿಂದೆ ತಿರುಗಿ, "ನನ್ನೆಸ್ರಿರೋ ಕಲ್ಲೊಂದ ಮುಚ್ಬ್ಯಾಡಿ ಕಣಪ್ಪ" ಎಂದರು.

ಗೋಡೆಗೆ ಮರದ ಪಟ್ಟಿ ಹೊಡೆಸಿ, ಗೋಣಿ ತಾಟು ಬಿಗಿಸಿ, ಅದರ ಮೇಲೆ ಚಂದ್ರಿಕೆ ಕಟ್ಟಿಸಿದೆ. ಹಳೆಯದು ಸಾಲದೆ ಮಾದಯ್ಯ ಊರೂರು ಸುತ್ತಿ, ಅಟ್ಟದಲ್ಲಿ ಬಿದ್ದಿದ್ದವನ್ನು ಕೇಳಿ ತಂದ. ಒಂದೊಂದರಲ್ಲೂ ಹಳೆಯ ಗೂಡಿನ ನೂಲು ಅಂಟಿಕೊಂಡಿತ್ತು. ಬಿಸಿಲಿಗೆ ಹಾಕಿ, ಒದರಿ, ಹುಳ ಹುಪ್ಪಟೆ ಸೇರದ ಹಾಗೆ ಎಣ್ಣೆ ಹಚ್ಚಿ ಕಟ್ಟಿದೆವು. ಗೋಡೌನಿನ ಮಾತು ಒಂದು ಟರ್ಮಿನ ಮಟ್ಟಿಗೆ ನಿಂತಿತು. ಮೇಡಂ ಕೂಗದೆ ಪಾಠ ಮಾಡಲು ಆಗುತ್ತದೆಯೋ ನೋಡೋಣ, ಆಗದಿದ್ದರೆ ಮುಚ್ಚೋಣ ಎಂದು ಮಂಡಳಿಯವರು ಹೇಳಿದ್ದರು.

ಹೊಸಬರಿಗೆ ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ರೂಮು ಒಪ್ಪಿಸಿಕೊಳ್ಳುವಾಗ ಎಲ್ಲ ಸರಿಯಿದೆಯಾ ಎಂದು ಯಾರನ್ನೂ ಕೇಳಬೇಡಿ. ಸರಿಯಿದೆ ಎನ್ನುತ್ತಾರೆ. ಕೊನೆಯ ಬೆಂಚಿನಲ್ಲಿ ನೀವೇ ಹೋಗಿ ಕೂತು, ಅಲ್ಲಿಗೆ ಬೆಳಕು ಬರುತ್ತದೆಯೋ, ಗಾಳಿ ಬರುತ್ತದೆಯೋ, ಮಾತು ಬರುತ್ತದೆಯೋ ನೋಡಿ. ಅಲ್ಲಿ ಕೂರುವವರು ನಿಮಗೆ ಬಂದು ಹೇಳುವುದಿಲ್ಲ.

ಮೇಡಂ ಬಂದರು. ಧ್ವನಿ ಅರ್ಧ ಮಾತ್ರ ವಾಪಸು ಬಂದಿತ್ತು, ಅದೂ ಒಡಕು, ಪಕ್ಕದವರಿಗೆ ಹೇಳುವಷ್ಟು. ಹಾಲ್ ತುಂಬಿತ್ತು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತಿದ್ದರು. ನಾನು ಚಂದ್ರಿಕೆಯ ಒಂದು ಕಟ್ಟು ಸಡಿಲವಾಗಿದೆ ಎಂಬ ನೆಪ ಹೂಡಿ ವೇದಿಕೆಯ ಪಕ್ಕದಲ್ಲೇ ನಿಂತೆ. ಮೇಡಂ ಸುತ್ತಲಿನ ಬಿದಿರ ಗೋಡೆ ನೋಡಿದರು, ನನ್ನನ್ನು ನೋಡಿದರು, ಕೊರಳಿನ ಮೇಲೆ ಕೈಯಿಟ್ಟುಕೊಂಡು, ಕೂಗದೆ, ಮನೆಯಲ್ಲಿ ಕೇಳುವ ಹಾಗೆ ಕೇಳಿದರು.

"ಊಟಕ್ಕೆ ಏನು ತಂದಿದ್ದೀರಿ?"

ಮುಂದಿನಿಂದ, ನಡುವಿನಿಂದ ಉತ್ತರಗಳು ಬಂದವು. ಚಿತ್ರಾನ್ನ ಮೇಡಂ. ಮುದ್ದೆ, ಹುರುಳಿ ಸಾರು ಮೇಡಂ. ಎಲ್ಲರೂ ನಗುತ್ತಿದ್ದರು. ಪ್ರಿನ್ಸಿಪಾಲರೂ ನಕ್ಕರು. ನಾನು ಗೆದ್ದೆವು ಎಂದುಕೊಂಡೆ. ನಗು ಇಳಿದು ಹಾಲ್ ಸುಮ್ಮನಾದ ಗಳಿಗೆಯಲ್ಲಿ, ಕೊನೆಯ ಬೆಂಚಿನಲ್ಲಿ ಕೇತಮ್ಮ ಪಕ್ಕದವಳಿಗೆ ಹೇಳಿದ ಮಾತು ಬಂತು. ಅವಳು ಅದನ್ನು ಯಾರಿಗೂ ಕೇಳಿಸಲೆಂದು ಹೇಳಿದ್ದಲ್ಲ.

"ನಾನೇನೂ ತಂದಿಲ್ಲ ಕಣೆ. ಯಾವತ್ತು ತಂದಿದ್ದೀನಿ?"

ಪ್ರತಿ ಅಕ್ಷರವೂ ವೇದಿಕೆಯವರೆಗೆ ಬಂತು. ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತು. ಕೇತಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಕಟ್ಟು ಹಿಡಿದುಕೊಂಡೇ ನಿಂತಿದ್ದೆ. ಮೇಡಮ್ಮಿನ ಮಾತು ಹಿಂದಿನ ಬೆಂಚಿಗೆ ತಲುಪಲಿ ಎಂದಷ್ಟೇ ನಾನು ಒದ್ದಾಡಿದ್ದು. ಹಿಂದಿನ ಬೆಂಚಿನ ಮಾತು ಈ ಕಡೆಗೆ ಬರುತ್ತದೆ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಬೆಟ್ಟದಿಂದ ಮೊದಲ ಬಸ್ಸಿಗೆ ಇಳಿದು ಬರುವವಳು ಊಟ ತರುವುದು ಯಾವಾಗ, ಅಟ್ಟು ಕಟ್ಟಿಕೊಡುವವರು ಯಾರು? ಕಲ್ಲು ಎಂದು ಬೈಸಿಕೊಂಡು ಅವಳು ಖಾಲಿ ಹೊಟ್ಟೆಯಲ್ಲಿ ಕೂತಿದ್ದಳು.

ಮೇಡಂ ಮೇಜಿನ ಮೇಲಿದ್ದ ತಮ್ಮ ಕೈಚೀಲ ತೆಗೆದುಕೊಂಡು ವೇದಿಕೆ ಇಳಿದರು. ನಡುವಿನ ದಾರಿಯಲ್ಲಿ ನಡೆದು ಕೊನೆಯ ಬೆಂಚಿಗೆ ಹೋಗಿ, "ಸ್ವಲ್ಪ ಸರ್ಕೊಳ್ಳಮ್ಮ" ಎಂದು ಕೇತಮ್ಮನ ಪಕ್ಕ ಕೂತು, ಊಟದ ಡಬ್ಬಿ ತೆಗೆದು ಇಬ್ಬರ ನಡುವೆ ಇಟ್ಟರು. ಆಮೇಲೆ ಅಲ್ಲಿಂದಲೇ ಪಾಠ ಶುರು ಮಾಡಿದರು. ಮುಂದಿನ ಬೆಂಚಿನವರು ಕಾಲೆತ್ತಿ ಹಾಕಿ ಹಿಂದಕ್ಕೆ ತಿರುಗಿ ಕೂತರು. ನಾನು ಖಾಲಿ ವೇದಿಕೆಯ ಪಕ್ಕ ನಿಂತಿದ್ದೆ, ಅವರ ಒಡಕು ಧ್ವನಿ ನನಗೆ ಪೂರ್ತಿ ಕೇಳುತ್ತಿತ್ತು.